ಒಟ್ಟು ಅಂಕ ಏರಿತು, ನಮ್ಮ ತಾಲೂಕಿನದು ಇಳಿಯಿತು

(ಗಡಿ ತಾಲೂಕುಗಳ ಕನ್ನಡ ಯುವಕ ಯುವತಿಯರು ಸೇರಿದ್ದಾಗ ಆಡಿದ ಮಾತಿನ ಬರಹರೂಪ. ಲೆಕ್ಕಗಳನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಅವನ್ನು ಬಿಡಿಸಿ ಹಾಕಿದ್ದೇನೆ.)

ನನಗೆ ಕೊಟ್ಟ ವಿಷಯ ಮಷಿನ್ ಲರ್ನಿಂಗ್. ನಾನು ಬಿಕಾಂ ಓದಿದವ, ಬ್ಯಾಂಕಿನ ಕೌಂಟರಿನಲ್ಲಿ ಕೂರುವವ. ಆದ್ದರಿಂದ ಕೋಡಿಂಗ್ ಹೇಳಿಕೊಡೋದಿಲ್ಲ, ಲೆಕ್ಕ ಹೇಳ್ತೀನಿ. ಹತ್ತನೇ ಕ್ಲಾಸಿನ ಗಣಿತ, ಮೊಬೈಲಿನ ಕ್ಯಾಲ್ಕುಲೇಟರ್, ಇಷ್ಟು ಇದ್ದರೆ ಸಾಕು. ವರ್ಗಮೂಲದ ಬಟನ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಮಧ್ಯದಲ್ಲಿ ಒಂದು ಸಲ ಬೇಕಾಗ್ತದೆ.

ಈ ಕೋಣೆಯಲ್ಲಿ ಕೂತವರೇ 'ಬರುತ್ತೇನೆ' ಅನ್ನೋದನ್ನ ಎಷ್ಟು ಥರ ಹೇಳ್ತೀರಿ ನೋಡ್ರಿ. ನಮ್ಮ ಅಕ್ಕಲಕೋಟ ಕಡೆ 'ಬರ್ತೀನ್ರಿ'. ತಾಳವಾಡಿಯ ತಮ್ಮ 'ಬತ್ತೀನಿ' ಅಂತಾನೆ. ಕಾಸರಗೋಡಿನ ಹವ್ಯಕರ ಮನೆಯಲ್ಲಿ 'ಆನು ಬತ್ತೆ'. ಮಡಕಶಿರಾದವರು 'ಹ'ಕಾರ ಬಿಟ್ಟು 'ಓಗ್ತೀನಿ' ಅಂದರೂ ನಮಗೆ ಅರ್ಥ ಆಗ್ತದೆ. ಇದನ್ನೆಲ್ಲ ನಾವು ವಾಟ್ಸಾಪಿನಲ್ಲಿ ಹೆಚ್ಚಾಗಿ ಬರೆಯೋದು ಇಂಗ್ಲಿಷ್ ಅಕ್ಷರದಲ್ಲಿ. ಮರಾಠಿ ಶಾಲೆಯಲ್ಲಿ, ಮಲಯಾಳಂ ಶಾಲೆಯಲ್ಲಿ, ತೆಲುಗು ಶಾಲೆಯಲ್ಲಿ ಓದಿದವರಿಗೆ ಕನ್ನಡ ಲಿಪಿ ಕೈಗೆ ಬರೋದು ಕಷ್ಟ, ಅದು ಅವರ ತಪ್ಪೂ ಅಲ್ಲ. ಆದರೆ ಹಾಗೆ ಬರೆದ ಸಾಲನ್ನು ಯಂತ್ರ ನೋಡಿದಾಗ ಅದು ಕನ್ನಡ ಅಂತ ಗುರುತಿಸ್ತದೋ ಇಲ್ಲವೋ? ಇವತ್ತಿನ ಪ್ರಶ್ನೆ ಅಷ್ಟೇ.

ಅದರಿಂದ ಏನಾಗ್ತದೆ ಅಂತ ಕೇಳಬಹುದು. ದೊಡ್ಡ ಭಾಷಾ ಮಾಡೆಲ್‌ಗಳು ಕಲಿಯೋದು ಅಂತರ್ಜಾಲದಿಂದ ಬಾಚಿ ತಂದ ಬರಹದಿಂದ. ಬಾಚಿದ ರಾಶಿಯಲ್ಲಿ ಯಾವ ಸಾಲು ಯಾವ ಭಾಷೆಯದು ಅಂತ ಬೇರ್ಪಡಿಸೋದಕ್ಕೆ ಬಾಗಿಲಲ್ಲಿ ಒಂದು ಚಿಕ್ಕ ಮಾಡೆಲ್ ಕೂತಿರ್ತದೆ. ಅದು 'ಕನ್ನಡ ಅಲ್ಲ' ಅಂದ ಸಾಲು ಕನ್ನಡದ ಚೀಲಕ್ಕೆ ಬೀಳೋದೇ ಇಲ್ಲ. ಚೀಲಕ್ಕೆ ಬೀಳದ ಮಾತನ್ನು ಮುಂದಿನ ಮಾಡೆಲ್ ಕಲಿಯೋದಿಲ್ಲ, ಕಲಿಯದ ಮಾತನ್ನು ಅದರ ಮುಂದಿನ ಮಾಡೆಲ್ ಇನ್ನೂ ಗಟ್ಟಿಯಾಗಿ ಹೊರಗೆ ಹಾಕ್ತದೆ. ಬಾಗಿಲು ಕಾಯುವ ಈ ಕೆಲಸ ಎಷ್ಟು ಕೆಡಬಹುದು ಅನ್ನೋದಕ್ಕೆ ಪುರಾವೆ ಇದೆ. ಹೆಸರಾದ ಐದು ಸಂಗ್ರಹಗಳಿಂದ 205 ಭಾಷಾ ಚೀಲಗಳನ್ನು ತೆರೆದು ಮನುಷ್ಯರ ಕೈಯಲ್ಲೇ ತಪಾಸಣೆ ಮಾಡಿಸಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕಡಿಮೆ ಅಂದರೂ 15 ಚೀಲಗಳಲ್ಲಿ ಉಪಯೋಗಕ್ಕೆ ಬರುವ ಒಂದು ಸಾಲೂ ಇರಲಿಲ್ಲ. ಹೊರಗೆ ಬರೆದ ಹೆಸರು ಒಂದು ಭಾಷೆಯದು, ಒಳಗಿದ್ದದ್ದು ಕಸ. ಚಿಕ್ಕ ಭಾಷೆಗಳಲ್ಲೇ ಈ ಗತಿ ಹೆಚ್ಚು.

ಮಾಡೆಲ್‌ಗೆ ಕಲಿಸಬೇಕಾದರೆ ಲೇಬಲ್ ಬೇಕು. ಲೇಬಲ್ ಅಂದರೆ, ಭಾಷೆ ಬಲ್ಲ ಮನುಷ್ಯ ಒಬ್ಬ ಸಾಲನ್ನು ಓದಿ 'ಇದು ಕನ್ನಡ ಹೌದು', 'ಅಲ್ಲ' ಅಂತ ಗುರುತು ಹಾಕೋದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ವೋಚರ್ ಇರುವ ಎಂಟ್ರಿ. ಲೆಡ್ಜರಿನಲ್ಲಿ ಸಾವಿರ ಎಂಟ್ರಿ ಇರಬಹುದು, ವೋಚರ್ ಇರೋದು ಇಪ್ಪತ್ತಕ್ಕೆ ಮಾತ್ರ ಅಂದರೆ ಆಡಿಟರ್ ಮುಖ ಹೇಗಾಗ್ತದೆ ಗೊತ್ತಲ್ಲ? ಗಡಿ ಕನ್ನಡದ ಸ್ಥಿತಿ ಅದು. ಮಾತಿಗೆ ಬರ ಇಲ್ಲ, ವೋಚರಿಗೆ ಬರ.

ಇಂಥ ಕಡೆ ಎಲ್ಲರೂ ಕೊಡುವ ಸಲಹೆ ಒಂದೇ. ಒಂದು ಮಾಡೆಲನ್ನು ನಂಬಬೇಡ್ರಿ, ಮೂರು ಮಾಡೆಲ್ ಹಾಕ್ರಿ, ಮೂರರಲ್ಲಿ ಎರಡು ಹೇಳಿದ್ದನ್ನು ತಗೊಳ್ರಿ. ಸಲಹೆ ಹಳೆಯದು, ಕೆಟ್ಟದ್ದೂ ಅಲ್ಲ. ಫ್ರಾನ್ಸಿನ ಕೊಂಡೊರ್ಸೆ 1785ರಲ್ಲೇ ಬಹುಮತದ ತೀರ್ಪಿನ ಲೆಕ್ಕ ಹಾಕಿ ತೋರಿಸಿದ್ದ. ಪ್ರತಿಯೊಂದೂ 100ಕ್ಕೆ 80 ಸರಿ ಹೇಳುವ ಮೂರು ಮಾಡೆಲ್ ಇವೆ, ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧ ಇಲ್ಲ ಅಂತ ಇಟ್ಟುಕೊಳ್ರಿ. 1000 ಸಾಲು ಕೊಟ್ಟರೆ ಮೂರೂ ಸರಿ ಹೇಳೋದು 512 ಕಡೆ, ಎರಡು ಮಾತ್ರ ಸರಿ ಹೇಳೋದು 384 ಕಡೆ. ಕೂಡಿದರೆ 896. ಅಂದರೆ 80 ಇದ್ದದ್ದು ಹೆಚ್ಚುಕಡಿಮೆ 90 ಆಯಿತು, ಒಂದು ಲೇಬಲ್ ಕೂಡ ಖರ್ಚಾಗಲಿಲ್ಲ. ಇದಕ್ಕೇ ಜನ ಮರುಳಾಗೋದು.

ಈಗ ಅದೇ ಲೆಕ್ಕವನ್ನು 40ಕ್ಕೆ ಹಾಕಿ ನೋಡ್ರಿ. ಪ್ರತಿಯೊಂದು ಮಾಡೆಲ್ 100ಕ್ಕೆ 40 ಮಾತ್ರ ಸರಿ. ಮೂರೂ ಸರಿ ಅನ್ನೋದು 1000ಕ್ಕೆ 64, ಎರಡು ಸರಿ ಅನ್ನೋದು 288, ಒಟ್ಟು 352. ನಲವತ್ತು ಇದ್ದದ್ದು ಮೂವತ್ತೈದಕ್ಕೆ ಇಳಿಯಿತು! ಓಟು ಹಾಕಿಸಿದ್ದರಿಂದಲೇ ಇಳಿಯಿತು. ಅರ್ಧಕ್ಕಿಂತ ಮೇಲಿದ್ದವರನ್ನು ಬಹುಮತ ಮೇಲೆತ್ತುತ್ತದೆ, ಅರ್ಧಕ್ಕಿಂತ ಕೆಳಗಿದ್ದವರನ್ನು ಇನ್ನೂ ಕೆಳಗೆ ಒತ್ತುತ್ತದೆ.

ಅರ್ಧಕ್ಕಿಂತ ಕೆಳಗೆ ಯಾವ ಮಾಡೆಲ್ ಇರ್ತದ್ರೀ, ನಾಣ್ಯ ಚಿಮ್ಮಿದರೂ ಅರ್ಧ ಸರಿ ಬರ್ತದಲ್ಲ ಅಂತ ಯಾರಾದರೂ ಕೇಳಬೇಕು. ಏನೂ ಗೊತ್ತಿಲ್ಲದವ ಅರ್ಧಕ್ಕಿಂತ ಕೆಳಗೆ ಹೋಗೋದಿಲ್ಲ, ನಿಜ. ತಪ್ಪನ್ನೇ ಕಲಿತವ ಹೋಗ್ತಾನೆ. 'ನಾ ಬಾಜಾರಕ್ಕ ಹೊಂಟೀನಿ' ಅನ್ನೋ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಪುಸ್ತಕದ ಕನ್ನಡ ಮಾತ್ರ ಕಂಡ ಮಾಡೆಲ್‌ಗೆ ಅದರಲ್ಲಿ ಪರಿಚಯದ ಕನ್ನಡ ಶಬ್ದ ಸಿಗೋದು ಕಷ್ಟ, ಮರಾಠಿಯ 'ಬಾಜಾರ್' ಕಣ್ಣಿಗೆ ಬೀಳ್ತದೆ. ಅದು ಅನುಮಾನದಿಂದ ಹಿಂಜರಿಯೋದಿಲ್ಲ, ಧೈರ್ಯವಾಗಿ ಮರಾಠಿಯ ಕಡೆ ತಳ್ಳುತ್ತದೆ. ಮಡಕಶಿರಾದ ಕನ್ನಡವನ್ನು ತೆಲುಗಿನ ಕಡೆ ತಳ್ಳೋದೂ ಹೀಗೇ.

ಎರಡನ್ನೂ ಒಂದೇ ಚೀಲಕ್ಕೆ ಹಾಕೋಣ. ಇವು ನಾನು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ಯಾವ ಮಾಡೆಲಿನ ಮೇಲಿನ ಆರೋಪವೂ ಅಲ್ಲ. ಚೀಲದಲ್ಲಿ 1000 ಸಾಲು. 900 ಸಾಲು ಪುಸ್ತಕದ ಕನ್ನಡಕ್ಕೆ ಹತ್ತಿರದವು, ಅಲ್ಲಿ ಮಾಡೆಲ್ 100ಕ್ಕೆ 95 ಸರಿ. 100 ಸಾಲು ನಮ್ಮವು, ಅಲ್ಲಿ 100ಕ್ಕೆ 40 ಸರಿ. ಒಂದೇ ಮಾಡೆಲ್ ಹಾಕಿದರೆ 855 ಮತ್ತು 40, ಒಟ್ಟು 895. ಶೇಕಡಾ 89.5. ಅಂಥವೇ ಮೂರು ಮಾಡೆಲ್ ಹಾಕಿ ಓಟು ಹಾಕಿಸಿದರೆ 900ರಲ್ಲಿ ಸುಮಾರು 893 ಸರಿ, ನಮ್ಮ 100ರಲ್ಲಿ 35 ಸರಿ. ಒಟ್ಟು 928. ಶೇಕಡಾ 92.8.

ವರದಿಯಲ್ಲಿ ಏನು ಬರೀತಾರೆ? '89.5ರಿಂದ 92.8ಕ್ಕೆ ಸುಧಾರಣೆ'. ಸುಳ್ಳಲ್ಲ. ಒಟ್ಟು ಅಂಕ ಏರಿದ ಹೊತ್ತಿನಲ್ಲೇ ನಮ್ಮ ತಾಲೂಕಿನದು 40ರಿಂದ 35ಕ್ಕೆ ಬಿತ್ತು, ಅದು ವರದಿಯಲ್ಲಿ ಕಾಣೋದೇ ಇಲ್ಲ. ರಾಜ್ಯದ ಸರಾಸರಿಯಲ್ಲಿ ಗಡಿ ಹಳ್ಳಿಯ ಕನ್ನಡ ಶಾಲೆ ಹೇಗೆ ಕಾಣೋದಿಲ್ಲವೋ ಹಾಗೆ. ನಾನು ಇಲ್ಲಿಗೆ ಬಂದು ಹೇಳಬೇಕು ಅಂದುಕೊಂಡದ್ದು ಇದನ್ನೇ. ಮುಂದಿನದೆಲ್ಲ, ಇದನ್ನು ಹೇಗೆ ಹಿಡಿಯೋದು, ನಮ್ಮ ಹತ್ತಿರ ಇರುವ ಸ್ವಲ್ಪ ಲೇಬಲ್ ಎಲ್ಲಿ ಖರ್ಚು ಮಾಡೋದು ಅನ್ನೋದು.

ಬಹುಮತದಲ್ಲಿ ಎಲ್ಲರ ಓಟಿಗೂ ಒಂದೇ ತೂಕ. ಯಾರು ಎಷ್ಟು ಬಲ್ಲವರು ಅಂತ ಗೊತ್ತಿದ್ದರೆ ತೂಕ ಬೇರೆ ಬೇರೆ ಕೊಡಬಹುದು. ಲೇಬಲ್ ಧಾರಾಳ ಇದ್ದ ಕಡೆ ಇದು ಸುಲಭ. ನೆಟ್‌ಫ್ಲಿಕ್ಸ್ ಕಂಪನಿ 2006ರಲ್ಲಿ ಹತ್ತು ಲಕ್ಷ ಡಾಲರಿನ ಸ್ಪರ್ಧೆ ಇಟ್ಟಿತ್ತು, 2009ರಲ್ಲಿ ಗೆದ್ದ ತಂಡ ಹತ್ತಾರು ಬಗೆಯ ಮಾಡೆಲ್‌ಗಳನ್ನು ತೂಕ ಹಾಕಿ ಬೆರೆಸಿತ್ತು. ಆದರೆ ಅವರ ಕೈಯಲ್ಲಿ ಜನ ಸಿನಿಮಾಗಳಿಗೆ ಕೊಟ್ಟ ಹತ್ತು ಕೋಟಿಗೂ ಹೆಚ್ಚು ರೇಟಿಂಗ್ ಇದ್ದವು. ಅವರ ಉದಾಹರಣೆ ನಮಗೆ ಉಪಯೋಗ ಇಲ್ಲ.

ನಮಗೆ ಉಪಯೋಗ ಇರೋದು 1979ರ ಒಂದು ಲೇಖನ. ಫಿಲಿಪ್ ಡೇವಿಡ್ ಮತ್ತು ಆಲನ್ ಸ್ಕೀನ್ ಅಂತ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಬರೆದದ್ದು. ಅದರಲ್ಲಿ ಕಂಪ್ಯೂಟರ್ ಮಾಡೆಲ್ ಇಲ್ಲ, ಡಾಕ್ಟರುಗಳಿದ್ದಾರೆ. 45 ರೋಗಿಗಳು, ಐದು ಜನ ಅರಿವಳಿಕೆ ಡಾಕ್ಟರು. ಈ ರೋಗಿಗೆ ಅರಿವಳಿಕೆ ಕೊಡಬಹುದೇ, ಮೈ ಎಷ್ಟು ತಡೆದೀತು ಅಂತ 1ರಿಂದ 4ರವರೆಗೆ ದರ್ಜೆ ಕೊಡಬೇಕು. ಒಂದೇ ರೋಗಿಗೆ ಒಬ್ಬರು 1 ಅಂತಾರೆ, ಇನ್ನೊಬ್ಬರು 2 ಅಂತಾರೆ. ಸರಿಯಾದ ಉತ್ತರ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಹಾಗಿದ್ದರೂ ಯಾವ ಡಾಕ್ಟರು ಎಷ್ಟು ತಪ್ಪುತ್ತಾರೆ ಅಂತ ಅಂದಾಜು ಮಾಡಬಹುದು ಅಂತ ಅವರು ತೋರಿಸಿದರು. ಮೊದಲು ಬಹುಮತವನ್ನೇ ಸತ್ಯ ಅಂತ ಇಟ್ಟುಕೊಳ್ಳೋದು. ಅದಕ್ಕೆ ಹೋಲಿಸಿ ಯಾರು ಎಷ್ಟು ಸಲ ತಪ್ಪಿದರು ಅಂತ ಎಣಿಸೋದು. ಹೆಚ್ಚು ತಪ್ಪಿದವರ ಮಾತಿಗೆ ತೂಕ ಇಳಿಸಿ, ಕಡಿಮೆ ತಪ್ಪಿದವರಿಗೆ ಏರಿಸಿ, ಸತ್ಯವನ್ನು ಹೊಸದಾಗಿ ಅಂದಾಜಿಸೋದು. ಮತ್ತೆ ಎಣಿಸೋದು. ಅಂಕಿ ಅಲುಗಾಡದೆ ನಿಲ್ಲುವ ತನಕ ಹೀಗೇ. ಟ್ರಯಲ್ ಬ್ಯಾಲೆನ್ಸ್ ಹೊಂದುವವರೆಗೆ ಕೂರೋದು ನಮಗೇನೂ ಹೊಸದಲ್ಲವಲ್ಲ. ಇವತ್ತಿಗೂ ಹತ್ತು ಜನ ಹಾಕಿದ ಲೇಬಲ್‌ಗಳನ್ನು ಬೆರೆಸುವಾಗ ಈ ವಿಧಾನ ಬಳಕೆಯಲ್ಲಿದೆ, ಮನುಷ್ಯರ ಜಾಗದಲ್ಲಿ ಮಾಡೆಲ್‌ಗಳನ್ನು ಕೂರಿಸಿದರೂ ನಡೀತದೆ.

ಮೂರೇ ಮಾಡೆಲ್, ಹೌದು-ಅಲ್ಲ ಪ್ರಶ್ನೆ, ಹೌದಾಗಿದ್ದರೂ ಅಲ್ಲವಾಗಿದ್ದರೂ ತಪ್ಪುವ ಪ್ರಮಾಣ ಒಂದೇ ಅಂತ ಇಟ್ಟುಕೊಂಡರೆ ಇದನ್ನು ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ನಿಧಾನಕ್ಕೆ ಹೇಳ್ತೀನಿ, ಬರೆದುಕೊಳ್ಳಿ. ನಮ್ಮ ಹತ್ತಿರ 100 ಸಾಲು ಇವೆ, ಒಂದಕ್ಕೂ ಲೇಬಲ್ ಇಲ್ಲ. ಮೂರು ಮಾಡೆಲ್‌ಗಳ ಉತ್ತರ ಮಾತ್ರ ಇವೆ. ಒಂದನೆಯದೂ ಎರಡನೆಯದೂ ಒಂದೇ ಉತ್ತರ ಕೊಟ್ಟದ್ದು 74 ಕಡೆ. ಒಂದನೆಯದೂ ಮೂರನೆಯದೂ 66 ಕಡೆ. ಎರಡನೆಯದೂ ಮೂರನೆಯದೂ 62 ಕಡೆ. ಯಾವುದನ್ನೇ ಆಗಲಿ ಎರಡು ಪಟ್ಟು ಮಾಡಿ 100 ಕಳೆಯಿರಿ: 48, 32, 24. ನೂರರಿಂದ ಭಾಗಿಸಿದರೆ 0.48, 0.32, 0.24. ಇದಕ್ಕೆ ಜೋಡಿಯ ಬಲ ಅನ್ನೋಣ. ತಪ್ಪುಗಳಿಗೆ ಒಂದಕ್ಕೊಂದು ನಂಟು ಇಲ್ಲದಿದ್ದರೆ ಜೋಡಿಯ ಬಲ ಅಂದರೆ ಇಬ್ಬರ ಬಿಡಿ ಬಲಗಳ ಗುಣಲಬ್ಧ. ಹಾಗಾದರೆ ಒಂದನೆಯದರ ಬಲ ಬೇಕಾದರೆ ಅದು ಇರುವ ಎರಡು ಜೋಡಿಗಳನ್ನು ಗುಣಿಸಿ, ಅದು ಇಲ್ಲದ ಜೋಡಿಯಿಂದ ಭಾಗಿಸಿ. 0.48 ಗುಣಿಸು 0.32, ಭಾಗಿಸು 0.24. ಬಂತು 0.64. ಈಗ ವರ್ಗಮೂಲದ ಬಟನ್: 0.8. ಒಂದು ಕೂಡಿಸಿ ಅರ್ಧ ಮಾಡಿದರೆ 0.9. ಒಂದನೆಯ ಮಾಡೆಲ್ 100ಕ್ಕೆ 90 ಸರಿ! ಹೀಗೇ ಮಾಡಿದರೆ ಎರಡನೆಯದು 80, ಮೂರನೆಯದು 70. ಒಂದೂ ಸಾಲನ್ನು ಓದದೆ ಮೂವರ ಅಂಕಪಟ್ಟಿ ಸಿಕ್ಕಿತು. ಸಾಚಾ ವ್ಯಾಪಾರ, ಕೈಚಳಕ ಏನಿಲ್ಲ. ಆದರೆ ಎರಡು ಕಡೆ ಇದು ಕೈಕೊಡ್ತದೆ, ಆ ಎರಡೂ ಕಡೆ ನಾವೇ ಇದ್ದೇವೆ.

ಮೊದಲನೆಯದು ಅವಳಿಗಳ ಕಾಟ. ಖೋಟಾ ನೋಟು ಹಿಡಿಯುವ ಮಷಿನ್ ಒಂದೇ ಮಾದರಿಯವು ಎರಡು ಇಟ್ಟರೆ, ಒಂದನ್ನು ದಾಟಿದ ಖೋಟಾ ನೋಟು ಇನ್ನೊಂದನ್ನೂ ದಾಟ್ತದೆ. ಎರಡು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ ಎರಡು ಸಲ. ಹಳೇ ಕ್ಯಾಶಿಯರಿನ ಹೆಬ್ಬೆರಳು ಬೇರೆ ಥರದ ಸಾಕ್ಷಿ, ಅದಕ್ಕೇ ಅದಕ್ಕೆ ಬೆಲೆ. ಮಾಡೆಲ್‌ಗಳಿಗೂ ಇದೇ ಮಾತು. ಒಂದನೆಯದೂ ಎರಡನೆಯದೂ ಒಂದೇ ಬರಹದಿಂದ ಕಲಿತ ಅವಳಿಗಳು, 100ಕ್ಕೆ 100 ಕಡೆ ಹೊಂದಿಕೆ. ಮೂರನೆಯದರ ಜೊತೆ ಇಬ್ಬರಿಗೂ 60 ಕಡೆ ಮಾತ್ರ ಹೊಂದಿಕೆ. ಜೋಡಿ ಬಲ 1, 0.2, 0.2. ಲೆಕ್ಕ ಹಾಕ್ರಿ: ಅವಳಿಗಳು ಶೇಕಡಾ ನೂರು ಸರಿ, ಮೂರನೆಯದು 60 ಅಂತ ಬರ್ತದೆ. ಮೂರನೆಯದು ನಮ್ಮ ತಾಳವಾಡಿಯ ಹುಡುಗರೇ ತಯಾರಿಸಿದ್ದು, ನಿಜಕ್ಕೂ ಅದೇ ಸರಿ ಅಂತ ಇಟ್ಟುಕೊಂಡರೂ ಸೂತ್ರಕ್ಕೆ ಗೊತ್ತಾಗೋದಿಲ್ಲ. ಅದು ನೋಡೋದು ಹೊಂದಿಕೆಯನ್ನು ಮಾತ್ರ.

ಇದು ಬರೀ ಊಹೆಯ ಭಯ ಅಲ್ಲ. ಫೇಸ್‌ಬುಕ್ಕಿನವರು ಬಿಟ್ಟ ಫಾಸ್ಟ್‌ಟೆಕ್ಸ್ಟ್‌ನಲ್ಲಿ 176 ಭಾಷೆ ಗುರುತಿಸುವ ಮಾಡೆಲ್ ಇದೆ, ಅದು ಕಲಿತ ಬರಹದಲ್ಲಿ ವಿಕಿಪೀಡಿಯ ಸೇರಿದೆ. ಬೇರೆ ಕಂಪನಿಗಳ, ಬೇರೆ ಹೆಸರಿನ ಎಷ್ಟೋ ಮಾಡೆಲ್‌ಗಳ ಊಟದಲ್ಲೂ ವಿಕಿಪೀಡಿಯ ಇರ್ತದೆ. ಕನ್ನಡ ವಿಕಿಪೀಡಿಯ ಬರೆಯುವವರು ಪುಸ್ತಕದ ಕನ್ನಡ ಬರೀತಾರೆ, ಅದು ಸಹಜ. ಅಲ್ಲಿ 'ಬತ್ತೀನಿ' ಯಾರು ಬರೀತಾರೆ? ಇಂಗ್ಲಿಷ್ ಅಕ್ಷರದ ಕನ್ನಡಕ್ಕಂತೂ ಲೇಬಲ್ ಇದ್ದ ಬರಹವೇ ಬಹಳ ಕಡಿಮೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ 22 ಭಾಷೆಗಳಿಗೆ ಇಂಡಿಕ್‌ಎಲ್‌ಐಡಿ ಅನ್ನೋ ಗುರುತಿಸುವ ಮಾಡೆಲ್ ತಂದಾಗ ಇದೇ ತೊಂದರೆ ಎದುರಾಯಿತು. ಆಯಾ ಲಿಪಿಯಲ್ಲಿದ್ದ ಬರಹವನ್ನು ಯಂತ್ರದಿಂದಲೇ ರೋಮನ್ ಅಕ್ಷರಕ್ಕೆ ತಿರುಗಿಸಿ ಅದರಿಂದ ಕಲಿಸಿದರು. ಅದರೊಳಗೂ ಒಂದಕ್ಕಿಂತ ಹೆಚ್ಚು ಮಾಡೆಲ್ ಇವೆ: ಮೊದಲು ವೇಗದ ಚಿಕ್ಕದು ನೋಡ್ತದೆ, ಅದಕ್ಕೆ ಧೈರ್ಯ ಸಾಲದಿದ್ದರೆ ದೊಡ್ಡದರ ಹತ್ತಿರ ಹೋಗ್ತದೆ. ಒಳ್ಳೆ ಕೆಲಸ, ಎಲ್ಲರಿಗೂ ತೆರೆದಿಟ್ಟಿದ್ದಾರೆ, ನಾವು ಬಳಸಬೇಕು. ಆದರೆ ಲಿಪಿ ಬದಲಾದ ಮಾತ್ರಕ್ಕೆ ಪುಸ್ತಕದ 'ಬರುತ್ತೇನೆ' ನಮ್ಮ 'ಬರ್ತೀನ್ರಿ' ಆಗೋದಿಲ್ಲ.

ಹಾಗಾಗಿ ನಮಗೆ ಬೇಕಾದದ್ದು ನಾಲ್ಕನೇ, ಐದನೇ ದೊಡ್ಡ ಮಾಡೆಲ್ ಅಲ್ಲ, ಬೇರೆ ಥರ ತಪ್ಪುವ ಒಂದು ಸಾಕ್ಷಿ. ಅದನ್ನು ನೀವೇ ಬರೆಯಬಹುದು. ಸ್ಟ್ಯಾನ್‌ಫರ್ಡಿನ ಒಂದು ತಂಡ 2016ರ ಹೊತ್ತಿಗೆ ಈ ದಾರಿ ಹಿಡಿದು ಆಮೇಲೆ ಸ್ನಾರ್ಕೆಲ್ ಅನ್ನೋ ಉಪಕರಣ ಮಾಡಿತು. ಒಂದೊಂದೇ ಸಾಲಿಗೆ ಲೇಬಲ್ ಹಾಕೋ ಬದಲು ವಿಷಯ ಬಲ್ಲವರು ಚಿಕ್ಕ ಚಿಕ್ಕ ನಿಯಮ ಬರೀತಾರೆ. ನಿಯಮ 'ಹೌದು' ಅನ್ನಬಹುದು, 'ಅಲ್ಲ' ಅನ್ನಬಹುದು, ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದು. ಸುಮ್ಮನಿರೋದು ಬಹಳ ಮುಖ್ಯ, ನಮ್ಮ ಮೀಟಿಂಗುಗಳಲ್ಲೂ ಅದನ್ನು ಜಾರಿಗೆ ತರಬೇಕು. ನಮ್ಮ ಕಡೆಯ ನಿಯಮ: ಕ್ರಿಯಾಪದದಲ್ಲಿ 'ಮಾಡಾಕತ್ತಾರ', 'ಹೋಗಾಕತ್ತಾರ' ಅನ್ನೋ 'ಆಕತ್ತ' ಇದ್ದರೆ ಹೌದು. ಮರಾಠಿಯಲ್ಲಿ ಆ ರೂಪ ಇಲ್ಲ, ಸಾಲಿನಲ್ಲಿ ಹತ್ತು ಮರಾಠಿ ನಾಮಪದ ಇದ್ದರೂ ಬೆನ್ನುಮೂಳೆ ಕನ್ನಡದ್ದು. ತಾಳವಾಡಿಯವರು 'ಓಗ್ಬುಟ್ಟು', 'ತಿಂದ್ಬುಟ್ಟು' ಹಿಡಿಯಿರಿ. ನಾಮಪದ ಸಾಲ ಬರ್ತದೆ, ಕ್ರಿಯಾಪದದ ಬಾಲ ಅಷ್ಟು ಸುಲಭಕ್ಕೆ ಸಾಲ ಬರೋದಿಲ್ಲ. ಆದ್ದರಿಂದ ನಿಯಮವನ್ನು ಬಾಲಕ್ಕೆ ಕಟ್ಟಿ. 'ಇಲ್ಲ ಅನ್ನೋ ಶಬ್ದ ಇದ್ದರೆ ಕನ್ನಡ' ಅಂತ ಮಾತ್ರ ಬರೀಬೇಡಿ. ಕಾಸರಗೋಡಿನವರು ಆಗಲೇ ನಗ್ತಾ ಇದ್ದೀರಿ. ಮಲಯಾಳಿಯೂ 'ಇಲ್ಲ' ಅಂತಲೇ ಹೇಳ್ತಾನೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೂದಲೆಳೆಯ ವ್ಯತ್ಯಾಸವೂ ಇರೋದಿಲ್ಲ.

ಸೂತ್ರ ಕೈಕೊಡುವ ಎರಡನೆಯ ಕಡೆ ಇನ್ನೂ ಸೂಕ್ಷ್ಮ. ಮೂರು ಮಾಡೆಲ್, ಪ್ರತಿಯೊಂದೂ 60 ಸರಿ. ಯಾವುದೇ ಜೋಡಿ ತಗೊಂಡರೂ ಹೊಂದಿಕೆ 100ಕ್ಕೆ 52 ಬರ್ತದೆ: ಇಬ್ಬರೂ ಸರಿ 36, ಇಬ್ಬರೂ ತಪ್ಪು 16. ಈಗ ಪ್ರತಿಯೊಂದೂ 40 ಸರಿ ಅನ್ನಿ. ಇಬ್ಬರೂ ಸರಿ 16, ಇಬ್ಬರೂ ತಪ್ಪು 36. ಮತ್ತೆ 52! ಹೊಂದಿಕೆಯನ್ನು ಮಾತ್ರ ನೋಡುವ ಸೂತ್ರಕ್ಕೆ ಇವೆರಡೂ ಒಂದೇ. ಅದು 60 ಅಂತಲೇ ಬರೀತದೆ, ಯಾಕಂದರೆ ವರ್ಗಮೂಲ ತೆಗೆಯುವಾಗ ಧನಚಿಹ್ನೆ ಹಾಕಿಬಿಡ್ತೀವಿ, ಅಂದರೆ ಇವರೆಲ್ಲ ಅರ್ಧಕ್ಕಿಂತ ಮೇಲೆ ಬಲ್ಲವರು ಅಂತ ಮೊದಲೇ ನಂಬಿರ್ತೀವಿ. ಡೇವಿಡ್ ಮತ್ತು ಸ್ಕೀನ್ ದಾರಿಯಲ್ಲೂ ಮೊದಲ ಹೆಜ್ಜೆ ಬಹುಮತವೇ ಸತ್ಯ ಅಂತ ಇಟ್ಟುಕೊಳ್ಳೋದಲ್ಲವೇ? ನಮ್ಮ 100 ಸಾಲಿನಲ್ಲಿ ಮಾಡೆಲ್‌ಗಳು ಬಲ್ಲವರೋ ತಲೆಕೆಳಗು ಕಲಿತವರೋ ಅನ್ನೋದನ್ನ ಯಾವ ಲೆಕ್ಕವೂ ಒಳಗಿನಿಂದ ಹೇಳಲಾರದು. ಹೊರಗಿನಿಂದ ಭಾಷೆ ಬಲ್ಲ ಒಬ್ಬ ಮನುಷ್ಯ ಬಂದು ಹೇಳಬೇಕು.

ಸಮಾಧಾನದ ಮಾತು ಏನಂದರೆ, ಇಷ್ಟನ್ನು ಹೇಳೋದಕ್ಕೆ ಬಹಳ ಲೇಬಲ್ ಬೇಡ. ತಾಲೂಕಿಗೆ 50 ಸಾಲು, ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ ಆರಿಸಿದ್ದು. ಮಾಡೆಲ್ 40ರದ್ದಾಗಿದ್ದರೆ 50ರಲ್ಲಿ 20ರ ಆಸುಪಾಸು ಸರಿ ಬರ್ತದೆ, 60ರದ್ದಾಗಿದ್ದರೆ 30ರ ಆಸುಪಾಸು. 25ರ ಹತ್ತಿರ ಸಿಕ್ಕಿಬಿದ್ದರೆ ಇನ್ನೊಂದು 50 ನೋಡಿ. ತಲೆಕೆಳಗು ಕಲಿತದ್ದು ಅಂತ ಗಟ್ಟಿಯಾದರೆ ಅದನ್ನು ಎಸೆಯಲೂ ಬೇಕಿಲ್ಲ. ಆ ತಾಲೂಕಿನ ಮಟ್ಟಿಗೆ ಅದರ ಓಟನ್ನು ತಿರುಗಿಸಿಬಿಡಿ, 40ರದ್ದು 60ರದ್ದಾಗ್ತದೆ. ಯಾವಾಗಲೂ ಉಲ್ಟಾ ದಾರಿ ತೋರಿಸುವವನೂ ಒಂದು ಥರದಲ್ಲಿ ದಾರಿ ಬಲ್ಲವನೇ.

ತಾಲೂಕಿಗೆ ಅಂತ ಒತ್ತಿ ಹೇಳ್ತಾ ಇದ್ದೀನಿ. ಎಲ್ಲ ಸಾಲನ್ನೂ ಒಂದೇ ಚೀಲಕ್ಕೆ ಸುರಿದು 50 ಎತ್ತಿದರೆ, ಹೆಚ್ಚು ಸಾಲು ಕಳಿಸಿದ ಊರಿನದೇ ಬರ್ತದೆ, ತಾಳವಾಡಿಯದು ಒಂದೋ ಎರಡೋ. ಬಿಕಾಂ ಸ್ಟ್ಯಾಟಿಸ್ಟಿಕ್ಸಿನಲ್ಲಿ ಸ್ಟ್ರಾಟಿಫೈಡ್ ಸ್ಯಾಂಪ್ಲಿಂಗ್ ಅಂತ ಒಂದು ಪಾಠ ಇರ್ತದೆ, ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆಯೋದು. ಇಲ್ಲಿ ಅದೇ ಬೇಕು. ಯಾವ ಸಾಲು ಯಾವ ಊರಿನದು ಅಂತ ನಮಗೆ ಗೊತ್ತು, ಆ ಮಾಹಿತಿಗೆ ಪೈಸೆ ಖರ್ಚಿಲ್ಲ. ಹೊಂದಿಕೆಯ ಲೆಕ್ಕವನ್ನೂ ಚೀಲ ಚೀಲಕ್ಕೆ ಬೇರೆಯಾಗಿ ಹಾಕಿ.

ಈ 50 ಅಳತೆಗೆ. ಉತ್ತರ ತಿದ್ದೋದಕ್ಕೆ ಎಲ್ಲಿ ನೋಡಬೇಕು? ಮೊದಲಿನ 90, 80, 70ರ ಮೂರು ಮಾಡೆಲ್ ನೆನಪು ಮಾಡಿಕೊಳ್ಳಿ. 90ರದ್ದು ಅಂದರೆ ಒಂದು ತಪ್ಪಿಗೆ ಒಂಬತ್ತು ಸರಿ, ಅದರ ಮಾತಿನ ತೂಕ 9. 80ರದ್ದು 4. 70ರದ್ದು ಏಳಕ್ಕೆ ಮೂರು, ಅಂದರೆ 2.33. ಒಂದನೆಯದು 'ಹೌದು' ಅಂತು, ಉಳಿದ ಎರಡೂ 'ಅಲ್ಲ' ಅಂದವು. ಆ ಎರಡರ ತೂಕ ಗುಣಿಸಿದರೆ 9.33. ಒಂಬತ್ತಕ್ಕೆ ಒಂಬತ್ತೂ ಕಾಲು ಚಿಲ್ಲರೆ. ತಕ್ಕಡಿ ಸರಿಸಮ! ಇಂಥ ಸಾಲುಗಳು 100ರಲ್ಲಿ 11 ಬರ್ತವೆ, ಅದರಲ್ಲಿ ಅರ್ಧಕ್ಕರ್ಧ ಬಹುಮತ ತಪ್ಪು. ಸುಮ್ಮನೆ ಓಟಿಗೆ ಬಿಟ್ಟರೆ ಒಟ್ಟು 90.2 ಸರಿ, ಒಂದನೆಯದನ್ನೇ ನಂಬಿದ್ದರೂ 90 ಬರ್ತಿತ್ತು. ಇಷ್ಟಕ್ಕೆ ಮೂರು ಮಾಡೆಲ್ ಯಾಕೆ? ಆದರೆ ಆ 11 ಸಾಲನ್ನು ಮಾತ್ರ ಮನುಷ್ಯ ಓದಿ ತೀರ್ಮಾನ ಕೊಟ್ಟರೆ 95.6ಕ್ಕೆ ಹೋಗ್ತದೆ. ನೂರು ಸಾಲು ಓದುವ ಶ್ರಮದಲ್ಲಿ ಹನ್ನೊಂದು ಪಾಲು. ಮೂರು ಮಾಡೆಲ್ ಇಟ್ಟುಕೊಂಡದ್ದರ ನಿಜವಾದ ಲಾಭ ಇಲ್ಲಿದೆ, ಯಾವ ಸಾಲನ್ನು ನಮ್ಮ ಮುಂದೆ ತಂದಿಡಬೇಕು ಅಂತ ಅವುಗಳ ಜಗಳ ತೋರಿಸ್ತದೆ. ಹಾಗಂತ ಜಗಳದ ಸಾಲು ಮಾತ್ರ ನೋಡಿದರೆ, ಎಲ್ಲರೂ ಕೂಡಿ ಒಂದೇ ತಪ್ಪು ಹೇಳಿದ ಸಾಲು ಎಂದೂ ಕಣ್ಣಿಗೆ ಬೀಳೋದಿಲ್ಲ. ಅದನ್ನು ಹಿಡಿಯೋದು ಚೀಟಿ ಎತ್ತಿದ ಆ 50. ಆದ್ದರಿಂದ ಎರಡು ಬೇರೆ ಬೇರೆ ನೋಟ್‌ಬುಕ್ ಇರಲಿ, ಎರಡನ್ನೂ ಬೆರೆಸಬೇಡಿ. ಅಳತೆಯ 50 ಸಾಲನ್ನು ನಿಯಮ ಬರೆಯುವವರಿಗೆ ತೋರಿಸಬೇಡಿ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಮಾರ್ಕ್ಸ್ ಹೊಗಳಿದ ಹಾಗಾಗ್ತದೆ.

ಇನ್ನು ಗುರುತು ಹಾಕುವ ಮನುಷ್ಯ ಯಾರು? ಇಲ್ಲಿ ನಮ್ಮ ನಡುವೆಯೇ ಜಗಳ ಬರ್ತದೆ, ಬರಲಿ. ಜನಗಣತಿ ಬಡಗವನ್ನು ಕನ್ನಡದ ಕೆಳಗೆ ಸೇರಿಸುತ್ತದೆ. ನೀಲಗಿರಿಯ ಬಡಗರಲ್ಲಿ ಅನೇಕರು ತಮ್ಮದು ಬೇರೆಯೇ ಭಾಷೆ ಅಂತಾರೆ. ಹೌದು-ಅಲ್ಲ ಅನ್ನೋ ಎರಡೇ ಮನೆಯಲ್ಲಿ ಇದು ಕೂರೋದಿಲ್ಲ. 'ಬಡಗ' ಅಂತಲೇ ಮೂರನೇ ಮನೆ ಮಾಡಿ, ಹೆಸರು ಅವರು ಹೇಳಿದ ಹಾಗೆ ಇರಲಿ. ತುಳುವಿಗೂ ಅದೇ ಮಾತು. ಪಟ್ಟಿಯಲ್ಲಿ ಹೆಸರೇ ಇಲ್ಲದ ಭಾಷೆಯ ಸಾಲು ಬಂದರೆ ಮಾಡೆಲ್ ಪಕ್ಕದ ಯಾವುದೋ ಹೆಸರು ಕೊಟ್ಟು ಕೂಡಿಸ್ತದೆ. ಕನ್ನಡ ಲಿಪಿಯ ತುಳುವನ್ನು ಕನ್ನಡ ಅಂತ ನುಂಗಿಕೊಂಡರೆ, ಮರಾಠಿ ನಮ್ಮನ್ನು ನುಂಗ್ತದೆ ಅಂತ ದೂರುವ ಬಾಯಿ ನಮಗೆ ಉಳಿಯೋದಿಲ್ಲ.

ಒಂದೊಂದು ಸಾಲನ್ನು ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಲಿ, ಬ್ಯಾಂಕಿನ ಮೇಕರ್-ಚೆಕರ್ ಹಾಗೆ. ಇಬ್ಬರ ಉತ್ತರ ಬೇರೆ ಆದರೆ ಅಳಿಸಬೇಡಿ, ಎರಡನ್ನೂ ಬರೆದಿಡಿ, ಗುರುತು ಹಾಕಿದವರು ಯಾವ ಊರಿನವರು, ಮನೆಮಾತು ಏನು ಅನ್ನೋದೂ ಪಕ್ಕದ ಕಾಲಮಿನಲ್ಲಿ ಇರಲಿ. ಮುಂದೆ ಯಾರಾದರೂ ಡೇವಿಡ್-ಸ್ಕೀನ್ ಲೆಕ್ಕ ಹಾಕಿದರೆ ಅದು ಬೇಕಾಗ್ತದೆ. ಬೇರೆಯವರ ವಾಟ್ಸಾಪ್ ಮೆಸೇಜನ್ನು ಕೇಳದೆ ಕಾಪಿ ಮಾಡಬೇಡಿ. ಒಪ್ಪಿಗೆ ತಗೊಳ್ಳಿ, ಹೆಸರು, ಫೋನ್ ನಂಬರ್ ತೆಗೆದು ಸಾಲನ್ನು ಮಾತ್ರ ಇಡಿ. ಅಜ್ಜಿ-ಅಜ್ಜ ಹೇಳಿದ್ದನ್ನು ನೀವೇ ಟೈಪ್ ಮಾಡಿದರೆ ಇನ್ನೂ ಒಳ್ಳೇದು, ಆದರೆ ತಿದ್ದಬೇಡಿ. 'ಓಗ್ತೀನಿ' ಅಂದರೆ 'ಓಗ್ತೀನಿ' ಅಂತಲೇ ಬರೆಯಿರಿ. ನಮ್ಮ ಹುಡುಗರಿಗೆ ಶುದ್ಧ ಕನ್ನಡ ಬರೆಯುವ ಹುಮ್ಮಸ್ಸು ಜಾಸ್ತಿ, ಈ ಕೆಲಸದಲ್ಲಿ ಅದನ್ನು ಹೊರಗೆ ಚಪ್ಪಲಿ ಜೊತೆ ಬಿಟ್ಟು ಬನ್ನಿ.

ಅಕ್ಕಲಕೋಟ, ಜತ್ತದ ಚೀಲಕ್ಕೆ ನಾಲ್ಕು ಜನ ಹೆಸರು ಕೊಟ್ಟಿದ್ದಾರೆ. ಮಡಕಶಿರಾಕ್ಕೆ ಇಬ್ಬರು, ಇಬ್ಬರಿಗೂ ತೆಲುಗು ಚೆನ್ನಾಗಿ ಬರ್ತದೆ. ತಾಳವಾಡಿಗೆ ಸದ್ಯ ಒಬ್ಬರೇ, ಇನ್ನೊಬ್ಬರು ಬೇಕು. ಕಾಸರಗೋಡಿನ ಚೀಲ ಎಲ್ಲಕ್ಕಿಂತ ಕಷ್ಟದ್ದು, ಹವ್ಯಕ, ತುಳು, ಮಲಯಾಳಂ, ಕೊಂಕಣಿ ಎಲ್ಲ ಬೆರೆತು ಬರ್ತದೆ. ಅದಕ್ಕೆ ತುಳು ಮನೆಮಾತಿನವರು ಒಬ್ಬರು, ಮಲಯಾಳಂ ಶಾಲೆಯಲ್ಲಿ ಓದಿದವರು ಒಬ್ಬರು ಬೇಕೇ ಬೇಕು. ಯಾರು ಬರ್ತೀರಿ, ಕೈ ಎತ್ತಿ.